ಹದಿನೈದು ನಿಮಿಷ ಮುಂದಿರುವ ಅಣ್ಣ

ರಾಜಗೋಪಾಲನಗರದ ನಮ್ಮ ಬೀದಿಯಲ್ಲಿ ನೇಪಾಳಕ್ಕೆ ಹೋಗಿ ಬಂದವರು ಮೂವರಿದ್ದಾರೆ. ನೇಪಾಳದ ಬಗ್ಗೆ ಯಾರಾದರೂ ವಿಚಾರಿಸಿದರೆ ಆ ಮೂವರೂ ಕೈ ತೋರಿಸುವುದು ಇನ್ನೂ ಹೋಗದ ಒಬ್ಬರ ಕಡೆಗೆ. ಅವರೇ ಪಶುಪತಿ ಅಣ್ಣ. ಇದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆರು ವರ್ಷದಿಂದ ಪಶುಪತಿನಾಥನ ಟೂರು ಹೊರಡಿಸುತ್ತಲೇ ಇರುವುದಕ್ಕೆ ಬೀದಿ ಇಟ್ಟದ್ದು. ಪೀಣ್ಯದ ಸುತ್ತಮುತ್ತ ಬಡಾವಣೆಗೊಬ್ಬರಂತೆ ಇಂಥವರಿದ್ದಾರೆ. ಲಗ್ಗೆರೆಯಲ್ಲಿ ಕಾಶಿ ಅಣ್ಣ, ಹೆಗ್ಗನಹಳ್ಳಿಯಲ್ಲಿ ಕೇದಾರದ ಅಣ್ಣ.

ನಮ್ಮ ಅಣ್ಣನದು ಎರಡು ಲೇತಿನ ಶೆಡ್ಡು. ಡ್ರಾಯಿಂಗ್ ನೋಡದೆ ಕಬ್ಬಿಣ ಮುಟ್ಟದ ಅಭ್ಯಾಸ ಟೂರಿಗೂ ಅಂಟಿದೆ. ಜಾಬ್‌ಕಾರ್ಡಿನ ಬೆನ್ನ ಮೇಲೆ ಯಶವಂತಪುರ, ಗೋರಖಪುರ, ಸೋನೌಲಿ ಗಡಿ, ಲುಂಬಿನಿ, ಪೋಖರಾ, ಕಠ್ಮಂಡು ಎಂದು ಬರೆದು, ಒಂದೊಂದರ ಮುಂದೂ ಟಾಲರೆನ್ಸ್ ಹಾಕಿದ್ದಾರೆ. ಲುಂಬಿನಿಗೆ 2 ಗಂಟೆ, ಪ್ಲಸ್ ಆರ್ ಮೈನಸ್ 5 ನಿಮಿಷ. ಬುದ್ಧ ಹುಟ್ಟಿದ ಜಾಗಕ್ಕೆ ಅದಕ್ಕಿಂತ ಹೆಚ್ಚು ಕೊಟ್ಟರೆ ಜಾಬ್ ರಿಜೆಕ್ಟ್ ಆಗುತ್ತದಂತೆ.

ಮೊದಲು ಭೂತಾನಿನ ಮಾತೂ ಇತ್ತು. ಅಲ್ಲಿ ಭಾರತೀಯರು ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಸರ್ಕಾರಕ್ಕೆ ಕಟ್ಟಬೇಕು, ರೂಮಿನ ಬಾಡಿಗೆ ಬೇರೆ. ಅಣ್ಣ ಹದಿನಾಲ್ಕು ಜನಕ್ಕೆ ಐದು ರಾತ್ರಿ ಲೆಕ್ಕ ಹಾಕಿದರು: 84,000. "ಬರೀ ಮಲಗಿ ಏಳೋದಕ್ಕಾ?" ಎಂದವರೇ ಇಡೀ ದೇಶವನ್ನು ಕೆಂಪು ಪೆನ್ಸಿಲ್ಲಿನಿಂದ ಹೊಡೆದುಹಾಕಿದರು.

ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ಇದು ತಿಳಿದ ದಿನವೇ ಅಣ್ಣ ಸ್ಟೂಲು ಹತ್ತಿ ಶೆಡ್ಡಿನ ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಿದರು, "ಈಗಿಂದಲೇ ಅಭ್ಯಾಸ ಆಗಲಿ" ಅಂತ. ಹುಡುಗರಿಗೆ ಅಭ್ಯಾಸ ಚೆನ್ನಾಗಿಯೇ ಆಯಿತು. ಬೆಳಿಗ್ಗೆ ಭಾರತದ ಟೈಮಿಗೆ ಬರುತ್ತಾರೆ, ಸಂಜೆ ನೇಪಾಳದ ಟೈಮಿಗೆ ಹೊರಡುತ್ತಾರೆ.

ಜನ ಸೇರಿಸುವುದರಲ್ಲಿ ಅಣ್ಣನಿಗೆ ಎದುರಿಲ್ಲ. ಹಿರಿಯರು ಸಿಕ್ಕರೆ ಪಶುಪತಿನಾಥನ ಭಟ್ಟರ ಕಥೆ: ಅಲ್ಲಿ ಪೂಜೆ ಮಾಡುವವರು ನಮ್ಮ ಕರಾವಳಿ ಕಡೆಯವರು, 2009ರಲ್ಲಿ ಅವರ ನೇಮಕದ ಮೇಲೆ ಆ ದೇಶದಲ್ಲಿ ದೊಡ್ಡ ಗಲಾಟೆಯೇ ನಡೆದಿತ್ತು, ಆದರೂ ನಮ್ಮವರೇ ಉಳಿದರು. (ಇದಿಷ್ಟೂ ನಿಜ. ಅಲ್ಲಿ ಇಳಿದ ಮೇಲೆ ಆಟೋದವನೂ ಕನ್ನಡ ಮಾತಾಡುತ್ತಾನೆ ಅನ್ನುವುದು ಅಣ್ಣನ ಸ್ವಂತ ಸೇರ್ಪಡೆ.) ಚೀಟಿ ಕಟ್ಟುವವರು ಸಿಕ್ಕರೆ ದುಡ್ಡಿನ ಕಥೆ: ನಮ್ಮ 100 ರೂಪಾಯಿ ಗಡಿ ದಾಟಿದರೆ 160. "ಬಸ್ಸಲ್ಲಿ ಕೂತಿದ್ದಂಗೇ ನೂರಕ್ಕೆ ಅರವತ್ತು ಲಾಭ, ಯಾವ ಬ್ಯಾಂಕು ಕೊಡುತ್ತೆ?" ಅಲ್ಲಿ ಟೀ ಎಷ್ಟು ಎಂದು ಅತ್ತಿಗೆ ಒಳಗಿನಿಂದ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಮುಕ್ತಿನಾಥದ ವಿಷಯದಲ್ಲಿ ಮಾತ್ರ ಒಮ್ಮೆ ಎಡವಿದರು. 3,700 ಮೀಟರಿಗೂ ಎತ್ತರ, ಅಂದರೆ ನಂದಿಬೆಟ್ಟದ ಎರಡೂವರೆ ಪಟ್ಟು. ಅಲ್ಲಿ 108 ಧಾರೆ, ಮಂಜಿನಂಥ ನೀರು, ಎಲ್ಲದರ ಕೆಳಗೂ ತಲೆ ಒಡ್ಡಬೇಕು ಎಂದು ಕೈ ಕಾಲು ಆಡಿಸಿ ವರ್ಣಿಸುತ್ತಿದ್ದರು. ಟ್ಯಾಂಕರಿಗೆ ಕಾದು ನಿಂತಿದ್ದ ಎದುರುಮನೆಯಾಕೆ, "ನೂರೆಂಟು ಅಲ್ಲಿರಲಿ ಅಣ್ಣ, ನಮ್ಮ ಬೀದಿಗೆ ಒಂದು ಧಾರೆ ಬಿಡಿಸಿ" ಅಂದಳು. ಆವತ್ತಿನ ಸಭೆ ಅಲ್ಲಿಗೇ ಬರಖಾಸ್ತು.

ಆದರೂ ಪ್ರತಿ ವರ್ಷ ಹದಿನಾಲ್ಕು ಹೆಸರು ಬೀಳುತ್ತವೆ, ಪ್ರತಿ ವರ್ಷ ಒಂದಲ್ಲ ಒಂದು ಗಡಿಯಲ್ಲಿ ನಿಲ್ಲುತ್ತವೆ. ಒಂದು ವರ್ಷ ಗುರುತಿನ ಚೀಟಿಯ ಗಡಿ. ನೇಪಾಳಕ್ಕೆ ನಮಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕು. ಆಧಾರ್ ನಡೆಯುವುದು 15ರ ಒಳಗಿನ ಮಕ್ಕಳಿಗೆ, 65 ದಾಟಿದ ಹಿರಿಯರಿಗೆ. ನಮ್ಮ ಬೀದಿಯ ವೋಟರ್ ಐಡಿಗಳೋ ತುರುವೇಕೆರೆ, ಸಿಂದಗಿ, ಚನ್ನರಾಯಪಟ್ಟಣದ ಬೀರುಗಳಲ್ಲಿವೆ. ಒಬ್ಬರದು ಸಿಕ್ಕಿತು, ಅದರಲ್ಲಿ ಗಂಡನ ಹೆಸರಿನ ಜಾಗದಲ್ಲಿ ಮಾವನ ಹೆಸರಿತ್ತು. ಆಧಾರ್ ಸಾಕಾಗುತ್ತಿದ್ದದ್ದು ಒಬ್ಬರಿಗೇ, 66ರ ಅಣ್ಣನಿಗೆ. "ನಾನೊಬ್ಬನೇ ಹೋಗಿ ಯಾರಿಗೆ ಹೇಳಲಿ?" ಎಂದು ಅವರೂ ಉಳಿದರು.

ಹೋದ ವರ್ಷ ಐಡಿಗಳೆಲ್ಲ ಬಂದವು. ಪೀಣ್ಯದಲ್ಲಿ ಮೆಷಿನ್ನುಗಳಿಗೆ ಧಾರಾಳವಾಗಿ ರಜೆ ಸಿಗುವುದು ಆಯುಧಪೂಜೆಗೆ, ಅಕ್ಟೋಬರಿನ ಆಕಾಶವೂ ತಿಳಿ, ಹಿಮಾಲಯ ಚೆನ್ನಾಗಿ ಕಾಣುತ್ತದೆ ಎಂದು ಅದೇ ವಾರ ಗೊತ್ತುಮಾಡಿದರು. ಜೊತೆಗೆ ಅಡುಗೆಯವರು, ಎಂಟು ಕೇಜಿ ಪುಳಿಯೋಗರೆ ಗೊಜ್ಜು, ಕಠ್ಮಂಡುವಿನಲ್ಲಿ ಹಿಂದಿ ಬಲ್ಲ ಗೈಡು. ಹೊರಡಲು ಹದಿನೈದು ದಿನ ಇರುವಾಗ ಗೈಡಿನ ಫೋನು ಬಂತು. ನಮಗೆ ದಸರಾ ಇದ್ದ ಹಾಗೆ ಅವರಿಗೆ ದಶೈಂ, ವರ್ಷದ ದೊಡ್ಡ ಹಬ್ಬ. ಕಠ್ಮಂಡುವಿನ ಅರ್ಧ ಜನ ಊರಿಗೆ ಹೊರಟುಬಿಡುತ್ತಾರೆ, ತಾನೂ ಹೊರಟೆ ಎಂದ.

ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರು. ಅಣ್ಣನ ಮುಖ ಅರಳಿತು. "ನೋಡಿದ್ರಾ, ಅವರೂ ನಮ್ಮಂಗೇ! ಹಬ್ಬಕ್ಕೆ ಊರಿಗೆ ಹೋಗದೇ ಇರೋಕಾಗುತ್ತಾ?" ಎಂದು ಗೈಡಿಗೆ ರಜೆ ಮಂಜೂರು ಮಾಡಿ, ಹೊಸ ಜಾಬ್‌ಕಾರ್ಡು ತೆಗೆದರು. ಪುಳಿಯೋಗರೆ ಗೊಜ್ಜನ್ನು ಬೀದಿಯೆಲ್ಲ ಸೇರಿ ಸಂಕ್ರಾಂತಿಯವರೆಗೆ ತಿಂದೆವು.

ಈ ಸಲ ದೀಪಾವಳಿ ಕಳೆದ ಮೇಲೆ ಅಂತ ನಿಶ್ಚಯವಾಗಿದೆ. ಹನ್ನೆರಡು ಹೆಸರು ಬಿದ್ದಿವೆ, ಎರಡು ಸೀಟು ಖಾಲಿ. ಬರುವ ಮನಸ್ಸಿದ್ದವರು ಭಾನುವಾರ ಹತ್ತು ಗಂಟೆಗೆ ಶೆಡ್ಡಿನ ಹತ್ತಿರ ಬನ್ನಿ, ವೋಟರ್ ಐಡಿ ತನ್ನಿ. ಒಂಬತ್ತೂ ಮುಕ್ಕಾಲಿಗೇ ಬಂದುಬಿಡಿ. ಅಲ್ಲಿ ಆಗಲೇ ಹತ್ತಾಗಿರುತ್ತದೆ.