ತಗೊಂಡಿದ್ರೆ ರಾಯರು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ತಗೊಂಡಿದ್ರೆ ರಾಯರು ಇಲ್ಲದ್ದು ಒಂದೂ ಇಲ್ಲ. ಜಯನಗರದಲ್ಲಿ ಬ್ಲಾಕಿಗೊಬ್ಬರು, ಮಲ್ಲೇಶ್ವರದಲ್ಲಿ ಕ್ರಾಸಿಗೊಬ್ಬರು ಸಿಗುತ್ತಾರೆ. ನಮ್ಮ ಪಾಲಿಗೆ ಬಂದವರು ಬಸವನಗುಡಿಯವರು. ನಿವೃತ್ತ ಬ್ಯಾಂಕ್ ಅಧಿಕಾರಿ. ಬೆಳಿಗ್ಗೆ ಮಂಕಿ ಟೋಪಿ, ಅರ್ಧ ತೋಳಿನ ಸ್ವೆಟರು, ಲಾಲ್‌ಬಾಗಿನಲ್ಲಿ ಒಂದು ಸುತ್ತು, ಆಮೇಲೆ ದರ್ಶಿನಿಯ ಮುಂದೆ ಬೈಟು ಕಾಫಿ. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿದೆ; ಅದು ಪಿಂಚಣಿ ಕಾಗದದಲ್ಲಿ ಮಾತ್ರ ಬಳಕೆಯಲ್ಲಿದೆ.

ಕಾಫಿ ಕೈಗೆ ಬರುವಷ್ಟರಲ್ಲಿ ರಾಯರು 1993ಕ್ಕೆ ತಲುಪಿರುತ್ತಾರೆ. ಆ ವರ್ಷದ ಫೆಬ್ರವರಿಯಲ್ಲಿ ಇನ್ಫೋಸಿಸ್ ಸಾರ್ವಜನಿಕರಿಗೆ ಷೇರು ಬಿಟ್ಟಿತು. ಬೆಲೆ 95 ರೂಪಾಯಿ. ಸಾಫ್ಟ್‌ವೇರ್ ಅಂದರೆ ಏನು ಮಾರುತ್ತಾರೆ ಅಂತಲೇ ಗೊತ್ತಿಲ್ಲದ ಕಾಲ. ಜನ ಮೂಸಿ ನೋಡಲಿಲ್ಲ. ಕೊನೆಗೆ ಮಾರ್ಗನ್ ಸ್ಟಾನ್ಲಿಯವರು ದೊಡ್ಡ ಪಾಲು ಎತ್ತಿಕೊಂಡು ಇಶ್ಯೂವಿನ ಮರ್ಯಾದೆ ಉಳಿಸಿದರು. ಆ ಅರ್ಜಿ ಫಾರಂಗಳನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಹಂಚಿದವರು ಸ್ವತಃ ರಾಯರೇ. ಊರಿಗೆಲ್ಲ ಕೊಟ್ಟರು, ತಾವು ಒಂದು ತುಂಬಲಿಲ್ಲ. ನೂರು ಷೇರಿಗೆ 9,500 ರೂಪಾಯಿ ಬೇಕಿತ್ತು. ಇತ್ತು ಕೂಡ. ಅದೇ ತಿಂಗಳು ಮನೆಗೆ ಫ್ರಿಜ್ ಬಂತು.

ಇಲ್ಲಿಂದ ಮುಂದಿನದು ಮಗ್ಗಿ. ರಾಯರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ: "94ರಲ್ಲಿ ಒಂದಕ್ಕೊಂದು ಬೋನಸ್, ಇನ್ನೂರು. 97ರಲ್ಲಿ ನಾನೂರು. 99ರಲ್ಲಿ ಎಂಟುನೂರು. 2000ದಲ್ಲಿ ಹತ್ತು ರೂಪಾಯಿ ಮುಖಬೆಲೆ ಐದಾಯ್ತು, ಸಾವಿರದ ಆರುನೂರು. 2004ರಲ್ಲಿ ಒಂದಕ್ಕೆ ಮೂರು ಕೊಟ್ರು ಕಣಯ್ಯ, ಆರು ಸಾವಿರದ ನಾನೂರು. 2006, 2014, 2015, 2018..." ಪ್ರತಿ ಇಸವಿಗೂ ಒಂದು ಬೆರಳು ಮಡಚಿಕೊಳ್ಳುತ್ತದೆ. ಕೊನೆಯ ಬೆರಳಿಗೆ ಕಣ್ಣು ತೆರೆದು, "ಒಂದು ಲಕ್ಷದ ಎರಡು ಸಾವಿರದ ನಾನೂರು ಷೇರು!" ಎನ್ನುತ್ತಾರೆ. ಲೋಟ ತೆಗೆಯಲು ಬಂದ ಹುಡುಗ ಪ್ರತಿ ಸಲವೂ ಬೆಚ್ಚಿಬೀಳುತ್ತಾನೆ. ಒಂದಕ್ಕೆ 1,500 ರೂಪಾಯಿ ಅಂತ ಹಿಡಿದರೆ ಹದಿನೈದು ಕೋಟಿಯ ಮೇಲಾಯಿತು. ಲೆಕ್ಕದಲ್ಲಿ ಒಂದು ಷೇರಿನ ತಪ್ಪೂ ಇಲ್ಲ, ನಾನೇ ಗುಣಿಸಿ ನೋಡಿದ್ದೇನೆ.

ಆ ಫ್ರಿಜ್ ಇನ್ನೂ ಅವರ ಮನೆಯಲ್ಲಿದೆ. ತಣ್ಣಗಾಗುವುದನ್ನು ಬಿಟ್ಟು ಯಾವುದೋ ಕಾಲವಾಯಿತು. ಮೋಟರು ತೆಗೆಸಿ ಬೀರುವಾಗಿ ಮಾಡಿಕೊಂಡಿದ್ದಾರೆ. ಮೊಟ್ಟೆ ಇಡುವ ಗುಂಡಿಗಳಲ್ಲಿ ರಬ್ಬರ್ ಸ್ಟಾಂಪು, ಗುಂಡುಸೂಜಿ ಡಬ್ಬಿ. ತರಕಾರಿ ಡ್ರಾಯರಿನಲ್ಲಿ ಹಳೇ ಪಾಸ್‌ಬುಕ್ಕು. ಮೇಲಿನ ತಟ್ಟೆಯಲ್ಲಿ ರಾಯರ ಜೀವ: ಕೆಂಪು ಬಟ್ಟೆಯ ಬೈಂಡಿನ ಉದ್ದನೆಯ ಲೆಡ್ಜರುಗಳು. ಸರ್ವಿಸಿನಲ್ಲಿದ್ದಾಗ ಪತ್ರಿಕೆಯ ಷೇರು ಪುಟ ನೋಡಿ ದಿನಾ ರಾತ್ರಿ ಬರೆದಿಟ್ಟದ್ದು. ಆರಂಭದ ಬೆಲೆ, ಗರಿಷ್ಠ, ಕನಿಷ್ಠ, ಮುಕ್ತಾಯ, ಪರಭಾರೆಯಾದ ಷೇರು. ಏರಿದ ದಿನ ನೀಲಿ ಶಾಯಿ, ಇಳಿದ ದಿನ ಕೆಂಪು. ಅವರ ಮನೆಯವರು ಬಂದವರಿಗೆ ಅದನ್ನು ಪರಿಚಯ ಮಾಡಿಕೊಡುವುದು ಹೀಗೆ: "ಇದು ನಮ್ಮ ಹದಿನೈದು ಕೋಟಿ ಬೀರು. ಬಾಗಿಲು ಜೋರಾಗಿ ಎಳೀಬೇಡಿ, ಕೈಗೇ ಬರತ್ತೆ."

ಈಗ ಬರೆಯುವ ಕಷ್ಟವಿಲ್ಲ. ಎಕ್ಸ್‌ಚೇಂಜಿನವರು ದಿನಾ ಸಂಜೆ ಭಾವ್‌ಕಾಪಿ ಅಂತ ಎಲ್ಲ ಷೇರುಗಳ ಅಂದಿನ ಬೆಲೆಯ ಫೈಲು ಬಿಡುತ್ತಾರೆ; ಮೊಮ್ಮಗ ಅದನ್ನು ಎಕ್ಸೆಲ್ಲಿಗೆ ಇಳಿಸುವುದನ್ನು ಕಲಿಸಿಕೊಟ್ಟಿದ್ದಾನೆ. ರಾಯರಿಗೆ ಅದರಲ್ಲಿರುವ ಪಾಂಡಿತ್ಯ ಸಾಮಾನ್ಯದ್ದಲ್ಲ. ಮುಕ್ತಾಯದ ಬೆಲೆಯೆಂದರೆ ಕಟ್ಟಕಡೆಯ ವ್ಯಾಪಾರದ ಬೆಲೆ ಅಂತ ನೀವೂ ನಾನೂ ತಿಳಿದಿರುತ್ತೇವೆ. ಹಾಗಲ್ಲವಂತೆ. ಮೂರರಿಂದ ಮೂರೂವರೆವರೆಗೆ ನಡೆದ ವ್ಯಾಪಾರವನ್ನೆಲ್ಲ ಸೇರಿಸಿ, ಎಷ್ಟು ಷೇರು ಯಾವ ಬೆಲೆಗೆ ಹೋಯಿತು ಅಂತ ತೂಗಿ ತೆಗೆದ ಸರಾಸರಿ ಅದು. ಇದನ್ನು ಅವರು ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರಿಗೆ ವಿವರಿಸುತ್ತಾ, ಬಡಿಸಲು ಬಂದ ಹೋಳಿಗೆಗೆ ಬೇಡ ಅನ್ನುವುದನ್ನು ಮರೆತು ಮೂರು ಹಾಕಿಸಿಕೊಂಡದ್ದನ್ನು ಕಂಡಿದ್ದೇನೆ. ಸಕ್ಕರೆ ಕಾಯಿಲೆ ಬೇರೆ.

ಮಹಡಿ ಮೇಲೆ ಬಾಡಿಗೆಗಿರುವ ಐಟಿ ಹುಡುಗನಿಗೂ ಅವರಿಗೂ ಆದ ಜಗಳ ಇಡೀ ರಸ್ತೆಗೆ ಕೇಳಿಸಿತ್ತು. ಹುಡುಗ ಮೊಬೈಲ್ ಚಾಚಿ, "ಅಂಕಲ್, ನೀವು 95 ಅಂತೀರ. ಚಾರ್ಟಲ್ಲಿ ಆಗಿನ ರೇಟು ಪೈಸೆ ಲೆಕ್ಕದಲ್ಲಿದೆ. ಒಂದು ರೂಪಾಯೀನೂ ಇಲ್ಲ" ಅಂದ.

"ಏನಂದಿ? ಪೈಸೆನಾ? ಫಾರಂ ಈ ಕೈಯಲ್ಲಿ ಹಂಚಿದೀನಿ ಕಣೋ! ತೊಂಬತ್ತೈದು! ಹತ್ತು ಮುಖಬೆಲೆ, ಎಂಬತ್ತೈದು ಪ್ರೀಮಿಯಂ!"

ಇಬ್ಬರದೂ ಸರಿ. ಅಂದಿನ ಒಂದು ಷೇರು ಬೋನಸ್ಸು, ವಿಭಜನೆ ಎಲ್ಲ ಸೇರಿ 1,024 ಆಗಿದೆ. 95 ರೂಪಾಯಿಯನ್ನು 1,024ರಿಂದ ಭಾಗಿಸಿದರೆ ಒಂಬತ್ತು ಪೈಸೆ ಚಿಲ್ಲರೆ. ಹಳೇ ಬೆಲೆಯನ್ನು ಹೀಗೆ ಇಳಿಸಿ ತೋರಿಸದಿದ್ದರೆ, ಒಂದಕ್ಕೊಂದು ಬೋನಸ್ ಕೊಟ್ಟ ದಿನವೆಲ್ಲ ಕಂಪನಿ ಅರ್ಧ ಮುಳುಗಿದ ಹಾಗೆ ಗೆರೆ ಧೊಪ್ಪನೆ ಬೀಳುತ್ತದೆ. 2024ರ ಅಕ್ಟೋಬರ್‌ನಲ್ಲಿ ರಿಲಯನ್ಸ್ ಬೋನಸ್ ಕೊಟ್ಟಾಗ ಬೆಳಿಗ್ಗೆ ಮೊಬೈಲ್ ನೋಡಿ ಎಷ್ಟು ಮನೆಗಳಲ್ಲಿ ಕಾಫಿ ಆರಿತೋ. ಸರಿಹೊಂದಿಸಿದ ಪಟ್ಟಿ ಬೇರೆ, ಸರಿಹೊಂದಿಸದ ಪಟ್ಟಿ ಬೇರೆ. ಯಾವುದು ಕೈಯಲ್ಲಿದೆ ಅಂತ ನೋಡಿಕೊಳ್ಳದೆ ಲೆಕ್ಕ ಹಾಕಿದರೆ ಲಾಭ ನಷ್ಟ ಎರಡೂ ಸುಳ್ಳಾಗುತ್ತವೆ. ಡಿವಿಡೆಂಡನ್ನೂ ಕಳೆದು ತೋರಿಸುವ ಮೂರನೆಯ ಬಗೆಯೂ ಇದೆ. ಇಷ್ಟನ್ನು ಕಾಗದದ ಮೇಲೆ ಬರೆದು ಹುಡುಗನಿಗೆ ಒಪ್ಪಿಸಿದವರು ಕೊನೆಗೆ ರಾಯರೇ. ಆದರೆ "ಒಂಬತ್ತು ಪೈಸೆ" ಅನ್ನುವಾಗ ಅವರ ಗಂಟಲು ಕಟ್ಟಿತು. 95 ರೂಪಾಯಿಗೆ ಬಿಟ್ಟೆ ಅನ್ನುವ ಸಂಕಟಕ್ಕೆ ಅವರು ಒಗ್ಗಿಹೋಗಿದ್ದರು. ಒಂಬತ್ತು ಪೈಸೆಗೆ ಬಿಟ್ಟದ್ದು ಹೊಸ ಗಾಯ.

ಇಷ್ಟೆಲ್ಲ ಬಲ್ಲವರನ್ನು "ರಾಯರೇ, ಈಗ ಯಾವುದು ತಗೊಳ್ಳಲಿ?" ಅಂತ ಕೇಳಿ ನೋಡಿ. ಟೋಪಿ ಸರಿಮಾಡಿಕೊಂಡು, "ಈಗ ಬೇಡ. ಇನ್ನೊಂದೆರಡು ಕ್ವಾರ್ಟರ್ ಡೇಟಾ ಬರಲಿ" ಎನ್ನುತ್ತಾರೆ. ಎರಡು ಕ್ವಾರ್ಟರ್ ಆದ ಮೇಲೆ ಕೇಳಿದರೆ, ಯಾವಾಗ ತಗೋಬೇಕಿತ್ತು ಅಂತ ತಾರೀಖು ಸಮೇತ ಹೇಳುತ್ತಾರೆ.

2020ರ ಮಾರ್ಚ್ ಅವರ ಪಾಲಿಗೆ ಬಂದ ದೊಡ್ಡ ಹಬ್ಬ. 23ನೇ ತಾರೀಖು ಸೆನ್ಸೆಕ್ಸ್ ಒಂದೇ ದಿನ ಶೇಕಡಾ 13 ಕುಸಿದು 26,000ದ ಕೆಳಕ್ಕೆ ಹೋಯಿತು. ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ರಾಯರು ಫೋನಿನಲ್ಲಿ ಸಿಕ್ಕವರಿಗೆಲ್ಲ ಪಾಠ ಮಾಡಿದರು: "2008ರಲ್ಲಿ ಜನವರಿಗೆ 21,000 ಇದ್ದದ್ದು ಅಕ್ಟೋಬರಿಗೆ 8,000ದ ಕೆಳಗೂ ಇಣುಕಿತ್ತು. ಆ ಲೆಕ್ಕ ಹಿಡಿದರೆ ಇನ್ನೂ ಹತ್ತು ಸಾವಿರ ಬೀಳಬೇಕು. ಕಾಯಿರಿ." ಕಾದರು. ಸೆನ್ಸೆಕ್ಸ್ ಲೆಡ್ಜರು ಓದಿರಲಿಲ್ಲವಾದ್ದರಿಂದ ತನ್ನ ಪಾಡಿಗೆ ಏರತೊಡಗಿತು. ವರ್ಷ ಮುಗಿಯುವ ಹೊತ್ತಿಗೆ 47,000 ದಾಟಿತ್ತು. ರಾಯರು ಮಾರ್ಚ್ 23ರ ಸಾಲಿಗೆ ಹಳದಿ ಬಣ್ಣ ಹಚ್ಚಿದರು. ಅವರ ಪಟ್ಟಿಗೆ ಒಂದು ಹೊಸ ತಗೊಂಡಿದ್ರೆ ಸೇರಿತು.

ನನಗೆ ಅವರ ಮೇಲೆ ಕೋಪವಿಲ್ಲ, ಅವರ ಲೆಕ್ಕದ ಮೇಲೆ ತಕರಾರಿದೆ. ಒಂದು ಲಕ್ಷದ ಎರಡು ಸಾವಿರದ ನಾನೂರು ಷೇರು ಕೈಗೆ ಬರಬೇಕಾದರೆ 93ರಲ್ಲಿ ಕೊಂಡರೆ ಸಾಲದು, ನಡುವೆ ಮಾರಬಾರದಿತ್ತು. 2000ದ ಮಾರ್ಚಿನಲ್ಲಿ ಶಿಖರ ಮುಟ್ಟಿದ ಅದೇ ಷೇರು ಮುಂದಿನ ವರ್ಷ ಪಾತಾಳ ಕಂಡಿತು. 2003ರ ಏಪ್ರಿಲ್ 10ರಂದು ಕಂಪನಿ ಮುಂದಿನ ವರ್ಷದ ಅಂದಾಜು ತಗ್ಗಿಸಿ ಹೇಳಿದ್ದಕ್ಕೆ ಒಂದೇ ದಿನದಲ್ಲಿ ಕಾಲು ಭಾಗ ಕರಗಿತು. 2013ರ ಏಪ್ರಿಲ್ 12ರಂದು ಮತ್ತೆ ಶೇಕಡಾ 21. ಲೆಡ್ಜರಿನಲ್ಲಿ ಇವೆಲ್ಲ ಒಂದೊಂದು ಕೆಂಪು ಸಾಲು. ಆ ರಾತ್ರಿ ನಿದ್ದೆ ಬಿಟ್ಟವರ ಹೆಸರು ಬರೆಯಲು ಅಲ್ಲಿ ಕಾಲಂ ಇಲ್ಲ.

ರಾಯರು ಮಾರದೆ ಇರುತ್ತಿದ್ದರೇ? ಅವರ ಮನೆಯವರನ್ನೇ ಕೇಳಿದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದವರು ತಲೆ ಎತ್ತದೆ ಹೇಳಿದರು: "ಇವರಾ? 93ರ ಜೂನ್‌ನಲ್ಲಿ 145 ಆದ ದಿನವೇ ಮಾರಿಬಿಟ್ಟು, ಐದು ಸಾವಿರ ಲಾಭ ಅಂತ ರಸ್ತೆಗೆಲ್ಲ ಮೈಸೂರು ಪಾಕ್ ಹಂಚ್ತಿದ್ರು. ಮಿಕ್ಕ ದುಡ್ಡಿಗೆ ಫ್ರಿಜ್ಜೇ ತರ್ತಿದ್ರು."

ಲೆಡ್ಜರಿನಲ್ಲಿ ಒಂದೆಡೆ ನಾಲ್ಕು ಹಾಳೆಗಳನ್ನು ಒಟ್ಟಿಗೆ ಸ್ಟೇಪಲ್ ಹೊಡೆದು ಮುಚ್ಚಿದ್ದಾರೆ. ತೊಂಬತ್ತರ ದಶಕದಲ್ಲಿ ಸಾಗುವಾನಿ ಗಿಡ ನೆಟ್ಟು ಕೋಟಿ ಕೊಡುತ್ತೇವೆ ಅಂತ ಬಂದ ಕಂಪನಿಗಳಿದ್ದವಲ್ಲ, ಅಂಥದ್ದೊಂದರ ಬೆಲೆ ಅಲ್ಲಿದೆ. ಫಾರಂ ಹಂಚಿದ ಕೈ ಅದಕ್ಕೆ ಮಾತ್ರ ಸಹಿಯನ್ನೂ ಹಾಕಿತ್ತು. ಆ ಕಂಪನಿ ಬಾಗಿಲು ಹಾಕಿತು, ಪಟ್ಟಿಯಿಂದ ಹೆಸರೂ ಹೋಯಿತು. ಕೇಳಿದರೆ ರಾಯರು "ಅದರ ಡೇಟಾ ಈಗ ಎಲ್ಲೂ ಸಿಗಲ್ಲ" ಅಂತ ಮಾತು ತಿರುಗಿಸುತ್ತಾರೆ. ಅದು ನಿಜವೂ ಹೌದು. ಇಂದು ಬದುಕಿರುವ ಕಂಪನಿಗಳ ಹಿಂದಿನ ಬೆಲೆಯನ್ನಷ್ಟೇ ನೋಡಿದರೆ ಷೇರುಪೇಟೆಯಲ್ಲಿ ಯಾರೂ ಕೆಟ್ಟೇ ಇಲ್ಲ ಅನ್ನಿಸುತ್ತದೆ.

ಅವರ ಮನೆಯವರ ಬಳಿಯೂ ಒಂದು ದಾಖಲೆ ಇದೆ. ಒಡವೆ ಅಂಗಡಿಯ ರಶೀದಿಗಳು, ಕುಕ್ಕರ್ ಗ್ಯಾಸ್ಕೆಟ್ಟಿನ ಹಳೇ ಪೆಟ್ಟಿಗೆಯಲ್ಲಿ. 1993ರಲ್ಲಿ ಹತ್ತು ಗ್ರಾಂ ಚಿನ್ನ ನಾಲ್ಕು ಸಾವಿರ ಚಿಲ್ಲರೆ ಇತ್ತು. ಈಗ ಲಕ್ಷ ದಾಟಿದೆ. ಚೀಟಿ ಎತ್ತಿದಾಗೆಲ್ಲ ಒಂದಿಷ್ಟು ತಂದರು, ಯಾವತ್ತೂ ಮಾರಲಿಲ್ಲ, ಚಾರ್ಟೂ ನೋಡಲಿಲ್ಲ. ರಾಯರು ಒಮ್ಮೆ ಆ ರಶೀದಿಗಳನ್ನು ಎಕ್ಸೆಲ್ಲಿಗೆ ಹಾಕಲು ಕೇಳಿದರಂತೆ. "ನೀವು ಮುಟ್ಟಿದ್ರೆ ಅದೂ ಇಳಿಯತ್ತೆ" ಅಂತ ಪೆಟ್ಟಿಗೆಯನ್ನು ಇನ್ನೂ ಮೇಲಿನ ಅಟ್ಟಕ್ಕೆ ಏರಿಸಿದರು.

ಸದ್ಯ ರಾಯರಿಗೊಂದು ಅಡಚಣೆ. ಭಾವ್‌ಕಾಪಿ ಬಿಡುವ ಎನ್‌ಎಸ್‌ಇಯಲ್ಲಿ ಷೇರು ವಹಿವಾಟು ಶುರುವಾದದ್ದೇ 1994ರ ನವೆಂಬರ್‌ನಲ್ಲಿ. ಅದರ ಹಿಂದಿನದು ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಜೆ.ಸಿ. ರಸ್ತೆಯಲ್ಲಿದ್ದ ನಮ್ಮ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ 2014ರಲ್ಲೇ ಅಂಗಡಿ ಮುಚ್ಚಿತು. ರಾಯರ 93ರ ಲೆಡ್ಜರಿಗೋ, ಆ ವರ್ಷದ ಮಳೆಗಾಲದ ಪುಟಗಳಿಗೆ, ಗೆದ್ದಲು ಬಿದ್ದಿದೆ. ಯಾರ ಮನೆಯ ಅಟ್ಟದಲ್ಲಾದರೂ 1993ರ ಜೂನ್‌ನಿಂದ ಆಗಸ್ಟಿನವರೆಗಿನ ದಿನಪತ್ರಿಕೆಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಬಸವನಗುಡಿಗೆ ತಂದುಕೊಡಿ. ಷೇರು ಪುಟ ಇದ್ದರೆ ಸಾಕು. ಚಿನ್ನದ ಬೆಲೆ ಇರುವ ಪುಟ ಬೇಡ, ಅದನ್ನು ಮನೆಯವರು ನೋಡಿಬಿಡುತ್ತಾರೆ.