ನನಗೆ ಮೂಲೆಯೇ ಇಲ್ಲ, ಇನ್ನು ಮೂಲೆಗುಂಪು ಎಲ್ಲಿಂದ?

(ಪೋಲೆಂಡಿನ ದುಂಡು ಮೇಜಿನೊಂದಿಗೆ ಒಂದು ಕಾಲ್ಪನಿಕ ಸಂದರ್ಶನ)

ಸರ್ಕಾರವೂ ವಿರೋಧಿಗಳೂ ಕೂತು ಮಾತಾಡಬೇಕು ಎಂದು ಎಲ್ಲ ದೇಶಗಳಲ್ಲೂ ಸಂಪಾದಕೀಯ ಬರೆಯುತ್ತಾರೆ. ಯಾವುದರ ಸುತ್ತ ಕೂತು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. 1989ರ ಫೆಬ್ರವರಿ 6ರಂದು ವಾರ್ಸಾದ ಅರಮನೆಯೊಂದರಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರದವರೂ, ಏಳು ವರ್ಷಗಳ ಹಿಂದೆ ಅದೇ ಸರ್ಕಾರ ಹಿಡಿದು ಒಳಗೆ ಹಾಕಿದ್ದ ಸಾಲಿಡಾರಿಟಿ ಕಾರ್ಮಿಕ ಸಂಘಟನೆಯ ಮುಖಂಡರೂ ಎದುರುಬದುರು ಕೂತರು. ನಡುವೆ ಇದ್ದದ್ದು ಈ ಮೇಜು. ಮೇಜು ಮಾತಾಡುತ್ತದೆಯೇ ಎಂದು ಹುಬ್ಬೇರಿಸುವವರು ಶಾಸನಸಭೆಯ ಕಲಾಪ ನೋಡಿಲ್ಲವೆಂದು ಕಾಣುತ್ತದೆ. ಅಲ್ಲಿ ಶಾಸಕರಿಗಿಂತ ಹೆಚ್ಚು ಸದ್ದು ಮಾಡುವುದು ಮೇಜುಗಳೇ.

ಪ್ರಶ್ನೆ: ನಮಸ್ಕಾರ. ಕೂತುಕೊಳ್ಳಬಹುದೇ?

ಮೇಜು: ಧಾರಾಳವಾಗಿ. ಎಲ್ಲಿ ಕೂರಲಿ, ಯಾರ ಪಕ್ಕ ಕೂರಲಿ ಅಂತ ತಿಂಗಳುಗಟ್ಟಲೆ ಯೋಚಿಸಬೇಡಿ ಅಷ್ಟೇ. ಹಿಂದಿನವರು ಯೋಚಿಸಿದ್ದರು.

ಪ್ರಶ್ನೆ: ಮೊದಲು ಹುಟ್ಟಿನ ವಿಚಾರ. ತಾವು ಯಾವ ಊರಿನವರು?

ಮೇಜು: ಹೆನ್ರಿಕುವ್ ಪೀಠೋಪಕರಣ ಕಾರ್ಖಾನೆಯವನು. ಅಡ್ಡಳತೆ ಸುಮಾರು 9 ಮೀಟರ್. ನಡುವೆ ಏನೂ ಇಲ್ಲ, ಖಾಲಿ. ಮೇಲಿನಿಂದ ನೋಡಿದರೆ ಥೇಟ್ ಕೋಡುಬಳೆ. ಇಷ್ಟು ಅಗಲ ಯಾಕೆ ಅಂತ ಆಗ ಊರಲ್ಲೆಲ್ಲ ಒಂದು ಜೋಕ್ ಓಡಾಡುತ್ತಿತ್ತು: ಉಗಿಯುವುದರಲ್ಲಿ ವಿಶ್ವದಾಖಲೆ 8 ಮೀಟರಂತೆ, ಅದಕ್ಕೇ ಒಂದು ಮೀಟರ್ ಜಾಸ್ತಿ ಮಾಡಿಸಿದ್ದಾರೆ!

ಪ್ರಶ್ನೆ: ದುಂಡಗೆ ಯಾಕೆ?

ಮೇಜು: ಉದ್ದನೆಯ ಮೇಜಿಗೆ ತಲೆಯ ಕಡೆ ಅಂತ ಒಂದಿರುತ್ತದೆ. ಅಲ್ಲಿ ಯಾರು ಕೂರಬೇಕು? ಸರ್ಕಾರದವರು ಕೂತರೆ ಅವರು ಯಜಮಾನರು, ಇವರು ಅರ್ಜಿ ಹಿಡಿದು ಬಂದವರು. ಎರಡೂ ಕಡೆ ಉದ್ದಕ್ಕೆ ಸಾಲಾಗಿ ಕೂರಿಸಿದರೆ ಯುದ್ಧ ಮುಗಿಸಲು ಬಂದ ಎರಡು ದೇಶಗಳ ಹಾಗೆ ಕಾಣುತ್ತದೆ. ಕಾನೂನಿನ ಲೆಕ್ಕದಲ್ಲಿ ಆಗ ಸಾಲಿಡಾರಿಟಿ ಅನ್ನುವುದು ಅಸ್ತಿತ್ವದಲ್ಲೇ ಇರಲಿಲ್ಲವಲ್ಲ! 1982ರಲ್ಲೇ ರದ್ದಾಗಿತ್ತು. ಇಲ್ಲದ ಸಂಸ್ಥೆಯ ಜೊತೆ ಸರ್ಕಾರ ಎದುರುಬದುರು ಕೂರುವುದು ಹೇಗೆ? ದುಂಡಗೆ ಕೂತರೆ ಎದುರು ಯಾರಿದ್ದಾರೆ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ನನಗೆ ಮೂಲೆ ಇಲ್ಲ, ಆದ್ದರಿಂದ ಯಾರೂ ಮೂಲೆಗುಂಪಾಗುವುದಿಲ್ಲ ಅಂತ ಪತ್ರಿಕೆಯವರು ಬರೆದರು. ನಾನೂ ನಂಬಿದ್ದೆ.

ಪ್ರಶ್ನೆ: 1980ರಲ್ಲಿ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ಹುಟ್ಟಿದ ಸಂಘಟನೆ, ಒಂದು ಕೋಟಿಯಷ್ಟು ಸದಸ್ಯರು. 1981ರ ಡಿಸೆಂಬರ್ 13ರಂದು ಜನರಲ್ ಯಾರುಜೆಲ್ಸ್ಕಿ ಮಾರ್ಷಲ್ ಲಾ ಹೇರಿ ಅದನ್ನು ಮುಗಿಸಿಬಿಟ್ಟರು. ತಾನೇ ಮುಗಿಸಿದವರನ್ನು ಮತ್ತೆ ಕರೆದು ಕುರ್ಚಿ ಹಾಕುವ ದುರ್ಬುದ್ಧಿ ಸರ್ಕಾರಕ್ಕೆ ಯಾಕೆ ಬಂತು?

ಮೇಜು: ಪ್ರಜಾಪ್ರಭುತ್ವದ ಮೇಲೆ ಪ್ರೀತಿ ಉಕ್ಕಿ ಅಂತ ಬರೆದುಕೊಳ್ಳಬೇಡಿ. ಹೊರದೇಶದ ಸಾಲ 4,000 ಕೋಟಿ ಡಾಲರಿನ ಹತ್ತಿರ ಬಂದಿತ್ತು. ಅಂಗಡಿಗಳಲ್ಲಿ ಮಾಲಿಗಿಂತ ಸಾಲು ಜಾಸ್ತಿ. ಬೆಲೆ ಏರಿಸಿದರೆ ಮುಷ್ಕರ, ಏರಿಸದಿದ್ದರೆ ದಿವಾಳಿ. 1988ರಲ್ಲಿ ಎರಡು ಬಾರಿ ಮುಷ್ಕರ ಎದ್ದಿತು. ಆಗಸ್ಟ್‌ನ ಎರಡನೇ ಸುತ್ತಿನಲ್ಲಿ ಮುಷ್ಕರಕ್ಕೆ ಕೂತವರು ಬಿಸಿರಕ್ತದ ಹುಡುಗರು, ಅವರನ್ನು ಸುಮ್ಮನಾಗಿಸಬಲ್ಲವನು ಸಾಲಿಡಾರಿಟಿಯ ಮುಖಂಡ ಲೆಕ್ ವಲೇಸಾ ಒಬ್ಬನೇ. ಆಗಸ್ಟ್ 31ಕ್ಕೆ, ಅಂದರೆ ಸಾಲಿಡಾರಿಟಿಗೆ ದಾರಿ ಮಾಡಿದ ಗ್ದಾನ್ಸ್ಕ್ ಒಪ್ಪಂದವಾಗಿ ಸರಿಯಾಗಿ ಎಂಟು ವರ್ಷಕ್ಕೆ, ಗೃಹಮಂತ್ರಿ ಕಿಶ್ಚಾಕ್ ಅವನನ್ನು ಕರೆಸಿಕೊಂಡು ಮಾತಾಡಿದರು. ಬಂಧಿಸುವುದು ಯಾವ ಇಲಾಖೆಯ ಕೆಲಸವೋ ಸಂಧಾನವೂ ಅದೇ ಇಲಾಖೆಯ ಕೆಲಸವಾಯಿತು. ಕಡತ ಹುಡುಕುವ ತೊಂದರೆ ಇರಲಿಲ್ಲ, ಎಲ್ಲರ ವಿಳಾಸವೂ ಅಲ್ಲೇ ಇತ್ತು.

ಪ್ರಶ್ನೆ: ಅಂದರೆ ಅಧಿಕಾರ ಹಂಚಿಕೊಳ್ಳಲು ಕರೆದದ್ದಲ್ಲ?

ಮೇಜು: ಬೈಗುಳ ಹಂಚಿಕೊಳ್ಳಲು. ಬೆಲೆ ಏರಿದಾಗ ಜನ ಒಬ್ಬರನ್ನೇ ಬೈಯಬಾರದು, ಇಬ್ಬರನ್ನೂ ಬೈಯಲಿ ಅಂತ.

ಪ್ರಶ್ನೆ: ತಮ್ಮನ್ನು ಮೊದಲು ಬೇರೆಲ್ಲೋ ಹಾಕಿದ್ದರಂತೆ?

ಮೇಜು: ಆ ಗಾಯಕ್ಕೆ ಕೈ ಹಾಕಿದಿರಿ! 1988ರ ಅಕ್ಟೋಬರ್‌ನಲ್ಲಿ ವಾರ್ಸಾದ ಹೊರವಲಯದ ಯಬ್ಲೊನ್ನಾ ಅರಮನೆಗೆ ನನ್ನನ್ನು ಹೊತ್ತುಕೊಂಡು ಹೋಗಿ ಜೋಡಿಸಿದರು. ಕಾದೆ, ಕಾದೆ. ಯಾರೂ ಬರಲಿಲ್ಲ. ಸರ್ಕಾರದವರು, ಸಾಲಿಡಾರಿಟಿ ಕಡೆಯ ಕುರೊನ್ ಮತ್ತು ಮಿಖ್ನಿಕ್ ಇಬ್ಬರೂ ಬರಕೂಡದು ಅಂದರು. ವಲೇಸಾ, ನನ್ನ ಕಡೆಯಿಂದ ಯಾರು ಬರಬೇಕೆಂದು ನೀವು ಹೇಳಬೇಡಿ ಅಂದ. ಅದೇ ಹೊತ್ತಿಗೆ ಹೊಸ ಪ್ರಧಾನಿ ರಕೋವ್ಸ್ಕಿ, ಗ್ದಾನ್ಸ್ಕ್ ಹಡಗುಕಟ್ಟೆ ನಷ್ಟದಲ್ಲಿದೆ, ಮುಚ್ಚುತ್ತೇವೆ ಅಂತ ಘೋಷಿಸಿದರು. ದೇಶದಲ್ಲಿ ನಷ್ಟದಲ್ಲಿಲ್ಲದ ಕಾರ್ಖಾನೆ ಯಾವುದಿತ್ತೋ ನನಗೆ ತಿಳಿಯದು, ಆದರೆ ಕಣ್ಣಿಗೆ ಬಿದ್ದದ್ದು ವಲೇಸಾ ಕೆಲಸ ಮಾಡುತ್ತಿದ್ದದ್ದೇ. ಮಾತುಕತೆ ಮುರಿಯಿತು. ನನ್ನನ್ನು ಬಿಚ್ಚಿ ಹಾಕಿದರು. ನನ್ನ ಕಾಲೆಳೆದವರು ಬಹಳ ಮಂದಿ, ಆದರೆ ನಿಜವಾಗಿಯೂ ಕಾಲು ಕಿತ್ತದ್ದು ಆಗಲೇ.

ಪ್ರಶ್ನೆ: ಮತ್ತೆ ಜೋಡಿಸಿದ್ದು ಯಾರು?

ಮೇಜು: ಟೆಲಿವಿಷನ್. ಸರ್ಕಾರಿ ಕಾರ್ಮಿಕ ಸಂಘದ ಮುಖ್ಯಸ್ಥ ಮಿಯೊದೊವಿಚ್, ಈ ಎಲೆಕ್ಟ್ರಿಷಿಯನ್ ವಲೇಸಾನನ್ನು ಹೊಸಕಿಹಾಕುತ್ತೇನೆ ಅಂತ ನೇರ ಚರ್ಚೆಗೆ ಕರೆದ. ನವೆಂಬರ್ 30ರ ರಾತ್ರಿ ಇಡೀ ದೇಶ ಟಿವಿ ಮುಂದೆ. ಏಳು ವರ್ಷಗಳಿಂದ ಖಾಸಗಿ ವ್ಯಕ್ತಿ ಅಂತ ಸರ್ಕಾರ ಹೀಗಳೆಯುತ್ತಿದ್ದ ಮನುಷ್ಯ ನಿಧಾನವಾಗಿ, ನಗುತ್ತ ಮಾತಾಡಿದ. ಮಾರನೆಯ ದಿನ ಖಾಸಗಿ ವ್ಯಕ್ತಿ ಯಾರು ಅನ್ನುವುದೇ ಗೊಂದಲವಾಯಿತು.

ಇಷ್ಟಾದರೂ ಕಮ್ಯುನಿಸ್ಟ್ ಪಕ್ಷದೊಳಗಿನ ಗಟ್ಟಿಗರು ಮಾತುಕತೆಗೆ ಒಪ್ಪಲಿಲ್ಲ. ಜನವರಿಯ ಕೇಂದ್ರ ಸಮಿತಿ ಸಭೆಯಲ್ಲಿ ಯಾರುಜೆಲ್ಸ್ಕಿ, ರಕೋವ್ಸ್ಕಿ, ಕಿಶ್ಚಾಕ್, ರಕ್ಷಣಾ ಸಚಿವ ಸಿವಿಟ್ಸ್ಕಿ ನಾಲ್ವರೂ ರಾಜೀನಾಮೆಯ ಬೆದರಿಕೆ ಹಾಕಬೇಕಾಯಿತು. ನಾನು ಕಂಡುಕೊಂಡ ಸತ್ಯ ಬರೆದುಕೊಳ್ಳಿ: ಸಂಧಾನದಲ್ಲಿ ವೈರಿಯ ಜೊತೆ ಮಾತಾಡುವುದು ಸಲೀಸು. ಮನೆಗೆ ಹೋಗಿ ತಮ್ಮವರಿಗೆ ಹೇಳುವುದಿದೆಯಲ್ಲ, ಬೆವರು ಕಿತ್ತು ಬರುವುದು ಅಲ್ಲಿ.

ಪ್ರಶ್ನೆ: ಕೊನೆಗೂ ಫೆಬ್ರವರಿ 6. ಮಾತುಕತೆ ಶುರುವಾದ ವಾರ್ಸಾದ ಅರಮನೆಯಲ್ಲೇ 1955ರಲ್ಲಿ ವಾರ್ಸಾ ಒಪ್ಪಂದಕ್ಕೆ ಸಹಿ ಬಿದ್ದದ್ದು. ಎಂಟು ವರ್ಷದ ಬಾಲಕ ಶೋಪಾನ್ 1818ರಲ್ಲಿ ಪಿಯಾನೊ ನುಡಿಸಿದ್ದೂ ಅಲ್ಲೇ.

ಮೇಜು: ಹೌದು, ಪಿಯಾನೊ ಇವತ್ತಿಗೂ ನನ್ನನ್ನು ಕೀಳಾಗಿ ಕಾಣುತ್ತದೆ.

ಪ್ರಶ್ನೆ: ಎರಡು ತಿಂಗಳು ನಿಮ್ಮ ಸುತ್ತ ಹಗಲಿರುಳು ಚರ್ಚೆ ನಡೆದದ್ದನ್ನು ವರ್ಣಿಸಿ.

ಮೇಜು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಎರಡು ದಿನ.

ಪ್ರಶ್ನೆ: ಎರಡು ತಿಂಗಳಲ್ಲವೇ? ಫೆಬ್ರವರಿ 6ರಿಂದ ಏಪ್ರಿಲ್ 5ರವರೆಗೆ...

ಮೇಜು: ಆರಂಭದ ದಿನ ಒಮ್ಮೆ, ಮುಕ್ತಾಯದ ದಿನ ಒಮ್ಮೆ. ಎಲ್ಲರೂ ನನ್ನ ಸುತ್ತ ಕೂತದ್ದು ಇಷ್ಟೇ. ಮೊದಲ ದಿನ ಐವತ್ತಕ್ಕೂ ಹೆಚ್ಚು ಮಂದಿ ಬಂದರು, ಕ್ಯಾಮೆರಾ ಬಂತು, ಭಾಷಣ ಆಯಿತು, ಎದ್ದು ಹೋದರು. ಯಾರುಜೆಲ್ಸ್ಕಿಯವರ ಕಪ್ಪು ಕನ್ನಡಕವನ್ನು ಹತ್ತಿರದಿಂದ ನೋಡುವ ಆಸೆಯಿತ್ತು, ಅವರು ಕೂರಲೇ ಇಲ್ಲ. ಮುಕ್ತಾಯದ ದಿನವಂತೂ ಮಿಯೊದೊವಿಚ್ ತಾನು ಯಾರ ನಂತರ ಭಾಷಣ ಮಾಡಬೇಕು ಅಂತ ಹಟ ಹಿಡಿದು ಎಲ್ಲರನ್ನೂ ಗಂಟೆಗಟ್ಟಲೆ ಕಾಯಿಸಿದ. ಇತಿಹಾಸ ಹೊಸ್ತಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿತ್ತು.

ಪ್ರಶ್ನೆ: ಹಾಗಾದರೆ ಕೆಲಸ ನಡೆದದ್ದು ಎಲ್ಲಿ?

ಮೇಜು: ನನಗೆ ಮಕ್ಕಳು ಮರಿ ಇದ್ದವು. ರಾಜಕೀಯ ಸುಧಾರಣೆಗೊಂದು ಮೇಜು, ಆರ್ಥಿಕತೆಗೊಂದು, ಕಾರ್ಮಿಕ ಸಂಘಗಳ ಹಕ್ಕಿಗೊಂದು. ಅವುಗಳ ಕೆಳಗೆ ಗಣಿ, ಕೃಷಿ, ಆರೋಗ್ಯ, ಪತ್ರಿಕೆ ಅಂತ ಉಪಮೇಜುಗಳು. ಒಟ್ಟು ನಾನೂರಕ್ಕೂ ಹೆಚ್ಚು ಜನ. ಆದರೂ ಗಂಟು ಬಿಗಿಯಾದಾಗ ಎಲ್ಲರೂ ಓಡುತ್ತಿದ್ದದ್ದು ಮಗ್ದಲೆಂಕಾಕ್ಕೆ. ವಾರ್ಸಾದ ಹೊರಗೆ ಗೃಹ ಇಲಾಖೆಯ ಅತಿಥಿಗೃಹ. ಆತಿಥ್ಯ ಕಿಶ್ಚಾಕರದ್ದು, ಚರ್ಚಿನ ಪಾದ್ರಿಗಳು ಸಾಕ್ಷಿ. ಮಾತು ಮುಗಿದ ಮೇಲೆ ಊಟ, ವೋಡ್ಕಾ. ಗ್ಲಾಸಿಗೆ ಗ್ಲಾಸು ತಾಗಿಸಿದ್ದನ್ನು ಅದೇ ಇಲಾಖೆಯವರು ವಿಡಿಯೊ ಮಾಡಿಟ್ಟುಕೊಂಡರು. ಹಳೆಯ ಚಾಳಿ, ಬಿಡಲಾಗುತ್ತದೆಯೇ? ಆ ಚಿತ್ರಗಳು ಮುಂದೆ ಹೊರಬಂದವು. ನೋಡಿ, ನೋಡಿ, ದೇಶ ಮಾರಿದರು ಅಂತ ಒಂದು ಗುಂಪು ಇವತ್ತಿಗೂ ಹೇಳುತ್ತಿದೆ.

ಪ್ರಶ್ನೆ: ತಮಗೆ ಹೊಟ್ಟೆಕಿಚ್ಚೇ?

ಮೇಜು: ಮಗ್ದಲೆಂಕಾದ ಮೇಜಿನ ಮೇಲೆಯೇ? ಅದಕ್ಕೊಂದು ಹೆಸರೂ ಇಲ್ಲ, ಮೇಲೆಲ್ಲ ಗ್ಲಾಸಿನ ಕಲೆ. ಶಾಲೆಯ ಪುಸ್ತಕದಲ್ಲಿ ಇರುವುದು ನನ್ನ ಫೋಟೊ.

ಪ್ರಶ್ನೆ: ಸರಿ, ಏನು ತೀರ್ಮಾನವಾಯಿತು?

ಮೇಜು: ಸಾಲಿಡಾರಿಟಿಗೆ ಮತ್ತೆ ಕಾನೂನಿನ ಮಾನ್ಯತೆ. ಚುನಾವಣೆ. ಆದರೆ ಕೆಳಮನೆಯ 460 ಸೀಟುಗಳಲ್ಲಿ ಶೇ. 65ರಷ್ಟು, ಅಂದರೆ 299, ಆಡಳಿತ ಕೂಟಕ್ಕೆ ಮೊದಲೇ ಮೀಸಲು. ಉಳಿದ 161ಕ್ಕೆ ಮಾತ್ರ ಸ್ಪರ್ಧೆ.

ಪ್ರಶ್ನೆ: ಓಟಿಗೆ ಮೊದಲೇ ಬಹುಮತ! ಎಂಥ ಸುಖ!

ಮೇಜು: ಸುಖವೇ. ಅದರ ಜೊತೆಗೆ ಒಬ್ಬ ಅಧ್ಯಕ್ಷ ಬೇಕು, ಅದು ಯಾರುಜೆಲ್ಸ್ಕಿಯೇ ಆಗಿರಬೇಕು ಅನ್ನುವುದು ಸರ್ಕಾರದವರ ಮನಸ್ಸಿನಲ್ಲಿತ್ತು. ಅಧ್ಯಕ್ಷಗಿರಿ ಕೇಳುತ್ತೀರಿ, ನಮಗೇನು ಕೊಡುತ್ತೀರಿ ಅಂತ ಇವರು ಕೂತರು. ಆಗ ಸರ್ಕಾರದ ಕಡೆಯ ಯುವಕ ಕ್ವಾಶ್ನಿಯೆವ್ಸ್ಕಿ, ಸೆನೆಟ್ ಅಂತ 100 ಸೀಟಿನ ಮೇಲ್ಮನೆ ಮಾಡೋಣ, ಅದಕ್ಕೆ ಪೂರ್ತಿ ಮುಕ್ತ ಚುನಾವಣೆ ಇರಲಿ ಅಂದ. ಮೇಲ್ಮನೆ ತಾನೇ, ಹೋಗಲಿ ಬಿಡಿ ಅಂದುಕೊಂಡರು.

ನೋಡಿ, ಎಲ್ಲರೂ ದೊಡ್ಡ ಬಾಗಿಲಿಗೆ ಚಿಲಕ ಹಾಕುವುದರಲ್ಲಿ ಮಗ್ನರು. ಆ 299ರ ಒಳಗನ್ನು ಯಾರೂ ಬಿಡಿಸಿ ಎಣಿಸಲಿಲ್ಲ. ಕಮ್ಯುನಿಸ್ಟ್ ಪಕ್ಷದ ಪಾಲು 173. ಅದರ ಬಾಲ ಹಿಡಿದ ರೈತ ಪಕ್ಷಕ್ಕೆ 76, ಡೆಮಾಕ್ರಟಿಕ್ ಪಕ್ಷಕ್ಕೆ 27, ಸರ್ಕಾರ ಒಪ್ಪಿದ ಕ್ಯಾಥೊಲಿಕ್ ಗುಂಪುಗಳಿಗೆ 23. ಈ ಮಿತ್ರಪಕ್ಷಗಳು ನಲವತ್ತು ವರ್ಷ ಎತ್ತು ಅಂದಾಗ ಕೈ ಎತ್ತಿ, ಇಳಿಸು ಅಂದಾಗ ಇಳಿಸಿದ್ದವು. ಅವಕ್ಕೂ ಒಂದು ತಲೆ ಇರಬಹುದು ಅಂತ ನನ್ನ ಸುತ್ತ ಕೂತ ಸರ್ಕಾರದವರಿಗೆ ಹೊಳೆಯಲಿಲ್ಲ. ಪಾಪ, ಅಭ್ಯಾಸ.

ಪ್ರಶ್ನೆ: ಜೂನ್ 4ರ ಚುನಾವಣೆಗೆ ಬರೋಣ.

ಮೇಜು: ಅದೇ ದಿನ ಬೀಜಿಂಗ್‌ನಲ್ಲಿ ಟ್ಯಾಂಕುಗಳು ಜನರ ಮೇಲೆ ಹರಿದಿದ್ದವು. ಮೇಜಿಲ್ಲದ ಊರಿನ ಸಂಧಾನ ಹೇಗಿರುತ್ತದೆ ಅಂತ ಪೋಲೆಂಡಿನವರು ಸಂಜೆಯ ಸುದ್ದಿಯಲ್ಲಿ ನೋಡಿದರು.

ಎರಡು ಸುತ್ತು ಮುಗಿದಾಗ, ಸ್ಪರ್ಧಿಸಲು ಬಿಟ್ಟ 161ಕ್ಕೆ 161 ಸಾಲಿಡಾರಿಟಿಗೆ. ಸೆನೆಟ್‌ನ 100ರಲ್ಲಿ 99. ಅದಕ್ಕಿಂತ ತಮಾಷೆ ಇನ್ನೊಂದಿದೆ. ಸರ್ಕಾರದ ಘಟಾನುಘಟಿಗಳಿಗೆ ಪ್ರಚಾರದ ಶ್ರಮ ಬೇಡವೆಂದು 35 ಹೆಸರುಗಳ ರಾಷ್ಟ್ರೀಯ ಪಟ್ಟಿ ಮಾಡಿದ್ದರು. ಎದುರಾಳಿಯೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಜನ ಹೆಸರು ಹೊಡೆದುಹಾಕದೆ ಬಿಟ್ಟರೆ ಸಾಕು, ಗೆದ್ದಂತೆ. ಜನ ಪೆನ್ನು ತೆಗೆದುಕೊಂಡು ಗೀಚಿದರು. 33 ಮಂದಿ ಎದುರಾಳಿಯಿಲ್ಲದೆ ಸೋತರು! ಪ್ರಧಾನಿ ರಕೋವ್ಸ್ಕಿ, ಕಿಶ್ಚಾಕ್ ಎಲ್ಲ ಹೋದರು. ಉಳಿದ ಇಬ್ಬರಲ್ಲಿ ಒಬ್ಬ ಪಟ್ಟಿಯ ಕಟ್ಟಕಡೆಯ ಹೆಸರಿನವ. ಎಳೆದ ಗೀಟು ಅಲ್ಲಿಯವರೆಗೆ ತಲುಪಿರಲಿಲ್ಲವಂತೆ.

ಪ್ರಶ್ನೆ: ಒಪ್ಪಂದದ ಲೆಕ್ಕ ಕೆಟ್ಟಿತಲ್ಲ?

ಮೇಜು: ಕೆಟ್ಟಿತು. ಆಗ ಏನಾಯಿತು ಗೊತ್ತೇ? ಗೆದ್ದವರು ಕೇಕೆ ಹಾಕಲಿಲ್ಲ. ಮಾತು ಮಾತೇ ಅಂತ, ಸೋತವರ 33 ಸೀಟು ಎರಡನೇ ಸುತ್ತಿನಲ್ಲಿ ಬೇರೆ ಹೆಸರುಗಳಿಂದ ತುಂಬಿಕೊಳ್ಳಲು ನಡುದಾರಿಯಲ್ಲೇ ನಿಯಮ ಬದಲಿಸುವುದಕ್ಕೆ ಒಪ್ಪಿದರು. ಇದನ್ನು ಔದಾರ್ಯ ಅನ್ನುವವರಿದ್ದಾರೆ, ಹೆದರಿಕೆ ಅನ್ನುವವರಿದ್ದಾರೆ. ಸೈನ್ಯ ಇನ್ನೂ ಸೋತವರ ಕೈಯಲ್ಲೇ ಇತ್ತು, ಸೋವಿಯತ್ ಪಡೆ ದೇಶದೊಳಗೇ ಇತ್ತು. ಎರಡೂ ಸ್ವಲ್ಪಸ್ವಲ್ಪ ಇರಬಹುದು ಅನ್ನುವವನು ನಾನು. ಜನ ಮಾತ್ರ ಬೇಸತ್ತರು. ಮೊದಲ ಸುತ್ತಿಗೆ ಶೇ. 62ರಷ್ಟು ಬಂದಿದ್ದವರು ಎರಡನೆಯದಕ್ಕೆ ಶೇ. 25ಕ್ಕೆ ಇಳಿದರು.

ಜುಲೈ 19ರಂದು ಯಾರುಜೆಲ್ಸ್ಕಿ ಅಧ್ಯಕ್ಷರಾದದ್ದು ಇನ್ನೂ ಚೆಂದ. ಬೇಕಿದ್ದ ಮತ 269, ಬಂದದ್ದು 270. ಅವರ ಕಡೆಯವರೇ ಕೆಲವರು ಕೈಕೊಟ್ಟಿದ್ದರು. ಸಾಲಿಡಾರಿಟಿಯ ಏಳು ಮಂದಿ ಬೇಕೆಂದೇ ಮತ ಕೆಡಿಸಿ, ಬೇಕಾದ ಸಂಖ್ಯೆಯನ್ನು ತಗ್ಗಿಸಿ, ತಮ್ಮ ಮೇಲೆ ಮಾರ್ಷಲ್ ಲಾ ಹೇರಿದ್ದವರನ್ನು ದಡ ಮುಟ್ಟಿಸಿದರು.

ಪ್ರಶ್ನೆ: ಆ ಬಾಲದ ಪಕ್ಷಗಳು?

ಮೇಜು: ಕಿಶ್ಚಾಕ್ ಆಗಸ್ಟ್‌ನಲ್ಲಿ ಪ್ರಧಾನಿಯಾಗಿ ನೇಮಕವಾದರು, ಆದರೆ ಸಂಪುಟ ಕಟ್ಟಲು ಮಿತ್ರರ ಮನೆಗೆ ಹೋದರೆ ಮನೆಗೆ ಬೀಗ. ರೈತ ಪಕ್ಷ, ಡೆಮಾಕ್ರಟಿಕ್ ಪಕ್ಷ ಎರಡೂ ವಲೇಸಾ ಜೊತೆ ಕೈಜೋಡಿಸಿದ್ದವು. ನೀವೇ ಕೂಡಿ: 161, 76, 27. ಒಟ್ಟು 264. ಬಹುಮತಕ್ಕೆ 231 ಸಾಕು. ಆಗಸ್ಟ್ 24ರಂದು ಸಾಲಿಡಾರಿಟಿಯ ಮಾಜೊವಿಯೆಟ್ಸ್ಕಿ ಪ್ರಧಾನಿ.

ಪ್ರಶ್ನೆ: ನಿಮ್ಮನ್ನು ಮೋಸದ ಮೇಜು ಅನ್ನುವವರಿಗೆ ಏನು ಹೇಳುತ್ತೀರಿ? ಹಳೆಯ ಅಧಿಕಾರಿಗಳು ಶಿಕ್ಷೆಯಿಲ್ಲದೆ ಪಾರಾದರು, ಕಾರ್ಖಾನೆಗಳಲ್ಲಿ ಹೋರಾಡಿದ ಕಾರ್ಮಿಕರಿಗೆ ಸಿಕ್ಕಿದ್ದು ಮುಚ್ಚಿದ ಕಾರ್ಖಾನೆ ಅನ್ನುತ್ತಾರೆ.

ಮೇಜು: ಎರಡನೆಯದಕ್ಕೆ ನನ್ನ ಬಳಿ ಉತ್ತರವಿಲ್ಲ. ನನ್ನ ಸುತ್ತ ಸಾಲಿಡಾರಿಟಿ ಕಡೆಯಿಂದ ಕೂತವರಲ್ಲಿ ಪ್ರೊಫೆಸರುಗಳು, ವಕೀಲರು, ಸಂಪಾದಕರು ತುಂಬಿದ್ದರು. ಹೆಂಗಸರು ಅಂದರೆ ಗ್ರಾಝಿನಾ ಸ್ತಾನಿಶೆವ್ಸ್ಕಾ ಒಬ್ಬರೇ. ಸಂಘಟನೆಯನ್ನು ಭೂಗತವಾಗಿ ಬದುಕಿಸಿದ್ದರಲ್ಲಿ ಹೆಂಗಸರ ಕೈ ಎಷ್ಟಿತ್ತೋ, ಕುರ್ಚಿಯ ಲೆಕ್ಕದಲ್ಲಿ ಅಷ್ಟು ಕಾಣಲಿಲ್ಲ. ಮೂಲೆಗುಂಪು ಮಾಡಲು ಮೂಲೆಯೇ ಬೇಕಿಲ್ಲ, ಸ್ವಾಮಿ. ಕರೆಯದಿದ್ದರೆ ಸಾಕು.

ಮೊದಲನೆಯದಕ್ಕೆ ಉತ್ತರವಿದೆ: ಶಿಕ್ಷೆಯಾಗುತ್ತದೆ ಅಂತ ಖಾತ್ರಿಯಿದ್ದರೆ ಆ ಮನುಷ್ಯರು ಮೇಜಿಗೆ ಬರುತ್ತಿರಲಿಲ್ಲ, ಟ್ಯಾಂಕಿನೊಳಗೇ ಕೂರುತ್ತಿದ್ದರು. ಇದು ನ್ಯಾಯ ಅಂತ ನಾನು ಹೇಳುತ್ತಿಲ್ಲ. ಬಡಗಿಗೆ ಸಿಕ್ಕ ಮರದಲ್ಲಿ ಗಂಟಿತ್ತು, ಗಂಟಿನ ಸಮೇತ ಕೆತ್ತಿದ.

ಪ್ರಶ್ನೆ: ಕೊನೆಯ ಪ್ರಶ್ನೆ. ಮಾಜೊವಿಯೆಟ್ಸ್ಕಿಯವರನ್ನು ಮಾರ್ಷಲ್ ಲಾ ಕಾಲದಲ್ಲಿ ವರ್ಷದಷ್ಟು ಬಂಧನದಲ್ಲಿಟ್ಟದ್ದು ಕಿಶ್ಚಾಕರ ಇಲಾಖೆ. ಅವರು ಪ್ರಧಾನಿಯಾದ ಮೇಲೆ ಗೃಹಮಂತ್ರಿ ಮಾಡಿಕೊಂಡದ್ದು ಯಾರನ್ನು?

ಮೇಜು: ಕಿಶ್ಚಾಕರನ್ನು. ಉಪಪ್ರಧಾನಿಯನ್ನಾಗಿಯೂ.

ಪ್ರಶ್ನೆ: ಸಂಪುಟ ಸಭೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ಹೇಗೆ ನೋಡಿಕೊಂಡರು?

ಮೇಜು: ಅದು ಸಂಪುಟದ ಮೇಜಿಗೆ ಕೇಳಬೇಕಾದ ಪ್ರಶ್ನೆ. ಅವನು ಗೋಪ್ಯತೆಯ ಪ್ರಮಾಣವಚನ ತೆಗೆದುಕೊಂಡವನು, ಬಾಯಿ ಬಿಡುವುದಿಲ್ಲ. ನಿಮ್ಮ ಕಾಫಿ ಲೋಟ ಎತ್ತಿ, ಪಾಲಿಶ್ ಹಾಳಾಗುತ್ತದೆ.