ಸಮುದ್ರದ ದಂಡಿಗೆ ಕಾಕಾ

ನವಲಗುಂದದ ಎರಿಹೊಲದ ಕಾಕಾ ಮುಂಬೈಗೆ, ಮಲಬಾರ್ ಹಿಲ್‌ನ ಅಣ್ಣನ ಮಗನ ಮನೆಗೆ ಬಂದಿಳಿದರು. ಎಕರೆ ಲೆಕ್ಕದ ಮನುಷ್ಯನಿಗೆ ಚದರ ಅಡಿಯ ರೇಟು ಕೇಳಿಯೇ ಎದೆ ಧಸಕ್ಕೆಂದಿತು.

ಕಿಟಕಿ ತೆರೆದರೆ ಬರೀ ಅರಬ್ಬಿ ಸಮುದ್ರ. “ತಮ್ಮಾ, ಇಷ್ಟ ನೀರ ಐತಿ, ಒಂದ ಚರಗಿ ಕುಡಿಯಾಕ ಬರಂಗಿಲ್ಲಲ್ಲೋ!” 2015ರಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತವರ ಕಣ್ಣಿಗೆ ಸೀ ವ್ಯೂ ಅಂದರೆ ಅಷ್ಟೇ.

ಸಮಾಧಾನವಾದದ್ದು ವಾಲ್ಕೇಶ್ವರದಲ್ಲಿ. ಉಪ್ಪುನೀರಿನ ಮಗ್ಗುಲಲ್ಲೇ ಬಾಣಗಂಗಾ, ಶಿಲಾಹಾರರ ಕಾಲದ ಸಿಹಿನೀರ ಹೊಂಡ! ಗುಡ್ಡದ ಮೇಲಿನ ಹ್ಯಾಂಗಿಂಗ್ ಗಾರ್ಡನ್ ಅಡಿಯಲ್ಲೂ ನೀರಿನ ಟಾಕಿಯೇ. ಶ್ರೀಮಂತರು ನೀರನ್ನು ಹೂವಿನಡಿ ಬಚ್ಚಿಟ್ಟಿದ್ದಾರೆಂದು ಕಾಕಾರ ತೀರ್ಮಾನ. ಊರ ನೀಲಮ್ಮನ ಕೆರೆ ನೆನಪಾಯಿತು.

ಮನೆಗೆ ಮರಳಿದರೆ ಹಾಲ್‌ನ ಗೋಡೆಯ ಮೇಲೆ, ಚಿತ್ರಪಟದ ಹಾಗೆ, ನವಲಗುಂದದ ಜಮಖಾನ. “ಹಾಸೂದನ್ನ ಗ್ವಾಡಿಗ್ಯಾಕ ಹಾಕೀರಿ?” ಎಂದವರೇ ಇಳಿಸಿ ಹಾಸಿ, ರೊಟ್ಟಿಗಂಟು ಬಿಚ್ಚಿದರು.